ಆಮೆ ಸಾಕುವ ಆಸೆಯೇ? ಮೊದಲು ನಿಮ್ಮೂರಿನ ಮಳೆ ನೋಡಿ

ಮೊದಲ ಸಲ ಆಮೆ ತರುವವರು ಚಿಪ್ಪಿನ ಅಂದ ನೋಡಬೇಡಿ, ನಿಮ್ಮ ತಾಲ್ಲೂಕಿನ ಮಳೆ ನೋಡಿ ಜಾತಿ ಆರಿಸಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯವರಿಗೆ ದಕ್ಷಿಣ ಅಮೆರಿಕದ ರೆಡ್ ಫುಟ್ ಆಮೆ ಹೊಂದುತ್ತದೆ. ಶೇ. 70-80 ತೇವಾಂಶ ಅದಕ್ಕೆ ಹಿತ, ಚಿಪ್ಪು ಬೆಳೆದರೂ ಸುಮಾರು 30-35 ಸೆಂ.ಮೀ. ಅಷ್ಟೇ. ಸಲ್ಕಾಟಾ ಎಂಬ ಇನ್ನೊಂದು ಆಮೆ ಆಫ್ರಿಕಾದ ಸಹಾರಾ ಅಂಚಿನ ಒಣ ನೆಲದ್ದು; ಚಳಿಯೂ ತೇವವೂ ಒಟ್ಟಿಗೆ ಬಂದರೆ ಮೂಗು ಸೋರಿ, ಬಾಯಿ ತೆರೆದು ಉಸಿರಾಡುತ್ತಾ ನ್ಯುಮೋನಿಯಾಕ್ಕೆ ತಿರುಗುತ್ತದೆ. ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಅದನ್ನು ಸಾಕಬಹುದೇನೋ, ಆದರೆ ಅಂಗೈಯಗಲದ ಆ ಮರಿ ಮುಂದೆ 40 ಕೆ.ಜಿ. ದಾಟಿ ಬೇಲಿಯ ಬುಡವನ್ನೇ ತೋಡುತ್ತದೆ. ಹೊಸಬರಿಗೆ ಬೇಡ ಅಂತಲೇ ಹೇಳುತ್ತೇನೆ. ರೆಡ್ ಫುಟ್‌ಗೆ ಕಷ್ಟವಾಗುವುದು ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ. ಅದಕ್ಕೆ ಚಳಿಗಾಲದ ನಿದ್ದೆಯಿಲ್ಲ, ಗೂಡು 20 ಡಿಗ್ರಿಗಿಂತ ತಣ್ಣಗಾಗಬಾರದು. ಸೆರಾಮಿಕ್ ಹೀಟರ್‌ಗೆ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಜೋಡಿಸಿ. ಬಿಸಿಲೇ ಕಾಣದ ಆಷಾಢದಲ್ಲಿ ದಿನಕ್ಕೆ 10-12 ಗಂಟೆ ಯುವಿಬಿ (ಬಿಸಿಲಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ದೀಪ ಬೇಕು, ಇಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ದೀಪ ಉರಿಯುತ್ತಿದ್ದರೂ ಯುವಿಬಿ ಮೊದಲೇ ಮುಗಿದಿರುತ್ತದೆ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ನಮ್ಮ ನಕ್ಷತ್ರ ಆಮೆಯ ಆಸೆ ಮಾತ್ರ ಬಿಡಿ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿದು ಸಾಕುವಂತಿಲ್ಲ, ತೋಟದಲ್ಲಿ ತಾನಾಗೇ ಸಿಕ್ಕರೂ ಅಷ್ಟೇ. ರೆಡ್ ಫುಟ್, ಸಲ್ಕಾಟಾಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದ ತೋರಿಸದಿದ್ದರೆ ಚೌಕಾಸಿಗೂ ಇಳಿಯದೆ ಎದ್ದು ಬನ್ನಿ.