ಹೊಲಿಗೆ ಯಂತ್ರದಲ್ಲಿ ಗುಂಡುಪಿನ್ನನ್ನು ಸುರಕ್ಷಿತವಾಗಿ ಬಳಸುವ ಕ್ರಮ

ಒಂದೇ ಅಳತೆಗೆ ಕತ್ತರಿಸಿದ ಎರಡು ತುಂಡುಗಳು ಹೊಲಿಗೆ ಯಂತ್ರದ ಪಾದದ ಕೆಳಗೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಕೆಳಗಿನ ಪದರವನ್ನು ಯಂತ್ರದ ಹಲ್ಲುಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಮೇಲಿನ ಪದರವನ್ನು ಪಾದವು ಒತ್ತಿ ತಡೆಯುತ್ತದೆ. ಹೀಗಾಗಿ ರವಿಕೆಯ ಪಕ್ಕವನ್ನು ಹೊಲಿದು ಮುಗಿಸುವಾಗ ಮೇಲಿನ ತುಂಡು ಕೊನೆಯಲ್ಲಿ ಸ್ವಲ್ಪ ಹೆಚ್ಚಾಗಿ ಉಳಿಯುತ್ತದೆ. ಗುಂಡುಪಿನ್ನು ಈ ಜಾರುವಿಕೆಯನ್ನು ತಡೆಯುತ್ತದೆ. ಆದರೆ ಅದರ ಕೆಲಸ ಸೂಜಿ ಹತ್ತಿರ ಬರುವವರೆಗೆ ಮಾತ್ರ. ಅಡ್ಡವಾಗಿ ಚುಚ್ಚಿದ ಪಿನ್ನಿನ ಮೇಲೆಯೇ ಹೊಲಿದುಕೊಂಡು ಹೋಗಬಹುದೆಂದು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಹತ್ತು ಸಲ ಸೂಜಿ ಪಿನ್ನನ್ನು ತಪ್ಪಿಸಿಕೊಂಡು ಹೋದರೂ ಹನ್ನೊಂದನೆಯ ಸಲ ಅದರ ಮೇಲೆಯೇ ಇಳಿಯಬಹುದು, ಆದ್ದರಿಂದ ಆ ಸಲಹೆಯನ್ನು ಒಪ್ಪುವಂತಿಲ್ಲ. ವಿದ್ಯುತ್ ಮೋಟಾರಿನ ಯಂತ್ರದಲ್ಲಿ ಸೂಜಿಯು ನಿಮಿಷಕ್ಕೆ ನೂರಾರು ಸಲ ಇಳಿಯುತ್ತದೆ. ಆ ವೇಗದಲ್ಲಿ ಉಕ್ಕಿಗೆ ಉಕ್ಕು ತಗುಲಿದರೆ ಸೂಜಿ ತುಂಡಾಗಿ ಅದರ ಚೂರು ಕಣ್ಣಿನ ಕಡೆಗೇ ಸಿಡಿಯುವ ಸಾಧ್ಯತೆ ಇರುತ್ತದೆ. ಕನ್ನಡಕ ಇರುವವರು ಹೊಲಿಯುವಾಗ ಅದನ್ನು ಹಣೆಯ ಮೇಲಕ್ಕೆ ಸರಿಸದಿರುವುದು ಒಳ್ಳೆಯದು.

ಕಚೇರಿಯ ಕಾಗದಗಳಿಗೆ ಬಳಸುವ ಪಿನ್ನು ಬಟ್ಟೆಗೆ ತಕ್ಕುದಲ್ಲ. ಅದರ ಮೊನೆ ಮೊಂಡು, ಮೈ ದಪ್ಪ, ಮಳೆಗಾಲದಲ್ಲಿ ತುಕ್ಕು ಹಿಡಿಯುವುದೂ ಬೇಗ. ರೇಷ್ಮೆಗೆ ಹತ್ತಿದ ತುಕ್ಕಿನ ಕಲೆ ಸುಲಭವಾಗಿ ಹೋಗುವುದಿಲ್ಲ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳುವಾದ, ಬಣ್ಣದ ತಲೆಯ ಉದ್ದನೆಯ ಪಿನ್ನುಗಳನ್ನು ಕೊಳ್ಳಬೇಕು. ಹತ್ತಿ ಬಟ್ಟೆಗೆ ಸುಮಾರು 0.6 ಮಿಲಿಮೀಟರ್ ದಪ್ಪದ್ದು ಸಾಕು, ರೇಷ್ಮೆಗೆ 0.5 ಮಿಲಿಮೀಟರಿನದು ಮೇಲು. ತಲೆ ಗಾಜಿನದಾಗಿದ್ದರೆ ಇಸ್ತ್ರಿ ಪೆಟ್ಟಿಗೆ ತಾಗಿದರೂ ಕರಗುವುದಿಲ್ಲ. ಪ್ಲಾಸ್ಟಿಕ್ಕಿನದಾದರೆ ಕರಗಿ ಬಟ್ಟೆಗೆ ಅಂಟುತ್ತದೆ.

ಬಟ್ಟೆಯನ್ನು ಮಟ್ಟವಾದ ಮೇಜಿನ ಮೇಲೆ ಹರಡಿ ಮೊದಲು ಎರಡು ತುದಿಗಳಿಗೆ, ಆಮೇಲೆ ನಡುವಿಗೆ, ಕೊನೆಗೆ ಉಳಿದ ಜಾಗಗಳಿಗೆ ಪಿನ್ನು ಹಾಕಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲಾಗಿ ಚುಚ್ಚುತ್ತ ಹೋದರೆ, ಯಂತ್ರ ಮಾಡುವ ತಪ್ಪನ್ನು ಕೈಯೇ ಮಾಡಿಬಿಡುತ್ತದೆ. ಪಿನ್ನು ಹೊಲಿಗೆಯ ಗೆರೆಗೆ ಅಡ್ಡವಾಗಿರಬೇಕು. ಅದರ ತಲೆ ಬಟ್ಟೆಯ ಕತ್ತರಿಸಿದ ಅಂಚಿನಿಂದ ಹೊರಗೆ, ಅಂದರೆ ಹೊಲಿಯುವವರ ಬಲಗಡೆಗೆ ಚಾಚಿರಬೇಕು. ಹಾಗಿದ್ದಾಗ ಎಡಗೈ ಬಟ್ಟೆಯನ್ನು ಬಿಡದೆ, ಬಲಗೈಯಿಂದ ತಲೆ ಹಿಡಿದು ಪಕ್ಕಕ್ಕೆ ಎಳೆದರೆ ಪಿನ್ನು ಸಲೀಸಾಗಿ ಬರುತ್ತದೆ. ಮೊನೆಯು ಎರಡೂ ಪದರಗಳ ಕೆಲವೇ ಎಳೆಗಳನ್ನು ಹಿಡಿದು ಮತ್ತೆ ಮೇಲಕ್ಕೆ ಬಂದರೆ ಸಾಕು. ಪಿನ್ನಿನ ಹೆಚ್ಚಿನ ಭಾಗ ಬಟ್ಟೆಯ ಕೆಳಗಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಯಂತ್ರದ ಹಲ್ಲುಗಳಿಗೂ ಸಿಕ್ಕಿಕೊಳ್ಳುತ್ತದೆ. ನೇರವಾದ ಹೊಲಿಗೆಗೆ ಮೂರು ನಾಲ್ಕು ಇಂಚಿಗೊಂದು ಪಿನ್ನು ಸಾಕು. ಕಂಕುಳಿನ ಸುತ್ತು, ಕೊರಳಿನ ತಿರುವು, ತೋಳು ಜೋಡಿಸುವ ಜಾಗ, ಇಲ್ಲೆಲ್ಲ ಒಂದೊಂದು ಇಂಚಿಗೆ ಬೇಕಾದೀತು.

ಮೈಸೂರು ರೇಷ್ಮೆಯ ವಿಷಯದಲ್ಲಿ ಈ ಕ್ರಮ ಸ್ವಲ್ಪ ಬದಲಾಗುತ್ತದೆ. 1912ರಲ್ಲಿ ಆರಂಭವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಹೆಸರು ಬೆಳೆದದ್ದೇ ಹೆಚ್ಚು ಹುರಿಗೊಳಿಸಿದ ನೂಲಿನ ಕ್ರೇಪ್ ಬಟ್ಟೆಯಿಂದ. ಅದು ಮೃದುವಾಗಿ ಇಳಿಬೀಳುವ ಬಟ್ಟೆಯಾದ್ದರಿಂದ ಮೇಜಿನ ಮೇಲೆ ನಿಲ್ಲದೆ ಜಾರುತ್ತದೆ, ಮತ್ತು ಪಿನ್ನಿನ ತೂತು ಅದರಲ್ಲಿ ಉಳಿದುಬಿಡಬಹುದು. ಅಡ್ಡವಾಗಿ ಚುಚ್ಚಿದರೆ ಮೊನೆ ಹೊಲಿಗೆಯ ಗೆರೆಯನ್ನು ದಾಟಿ ಹೊರಗೆ ಕಾಣುವ ಭಾಗಕ್ಕೆ ಹೋಗುತ್ತದೆ. ನಮ್ಮಲ್ಲಿ ರವಿಕೆಯ ಪಕ್ಕಗಳಲ್ಲಿ ಮುಂದೆ ಬಿಚ್ಚಿ ಸಡಿಲ ಮಾಡಲೆಂದು ಧಾರಾಳವಾಗಿ ಬಟ್ಟೆ ಬಿಡುವ ರೂಢಿ ಇರುವುದು ಇಲ್ಲಿ ಅನುಕೂಲಕ್ಕೆ ಬರುತ್ತದೆ: ಆ ಒಳಭಾಗದಲ್ಲಿಯೇ, ಕತ್ತರಿಸಿದ ಅಂಚಿಗೆ ಆದಷ್ಟು ಹತ್ತಿರವಾಗಿ, ಹೊಲಿಗೆಯ ಗೆರೆಗೆ ಸಮಾನಾಂತರವಾಗಿ ಪಿನ್ನು ಹಾಕಬೇಕು. ಅಂಚಿಗೆ ಹತ್ತಿರ ಎಂದದ್ದು ಸುಮ್ಮನೆ ಅಲ್ಲ. ಮುಂದೊಂದು ದಿನ ರವಿಕೆಯನ್ನು ಸಡಿಲ ಮಾಡಿದಾಗಲೂ ತೂತುಗಳು ಒಳಗೇ ಉಳಿಯಬೇಕು. ಸಮಾನಾಂತರವಾಗಿ ಹಾಕುವಾಗ ತಲೆಯು ಹೊಲಿಯುವವರ ಕಡೆಗಿರಬೇಕು, ಇಲ್ಲವಾದರೆ ತೆಗೆಯಲು ಬೆರಳನ್ನು ಸೂಜಿಯ ಬಳಿಗೇ ಒಯ್ಯಬೇಕಾಗುತ್ತದೆ. ಹೀಗಿಟ್ಟ ಪಿನ್ನನ್ನು ಮರೆತರೆ ಅದರ ಮೊನೆ ನೇರವಾಗಿ ಪಾದದ ಕೆಳಗೆ ನುಗ್ಗುವುದರಿಂದ ಇದನ್ನು ಇನ್ನೂ ಮುಂಚಿತವಾಗಿ ತೆಗೆಯಬೇಕು. ಜರಿಯ ಅಂಚಿಗಂತೂ ಪಿನ್ನು ಚುಚ್ಚಲೇಬಾರದು. ಲೋಹದ ಎಳೆ ಕಿತ್ತುಬಂದರೆ ಮತ್ತೆ ಕೂರುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ ಕ್ಲಿಪ್ಪನ್ನೋ ಕೈಯಿಂದ ಹಾಕಿದ ಉದ್ದುದ್ದನೆಯ ತಾತ್ಕಾಲಿಕ ಹೊಲಿಗೆಯನ್ನೋ ಬಳಸಬೇಕು. ಮೇಲುಕೋಟೆಯ ಮಗ್ಗದ ಹತ್ತಿ ಬಟ್ಟೆಗೆ ಇಷ್ಟೆಲ್ಲ ಉಪಚಾರ ಬೇಕಾಗಿಲ್ಲ.

ಹೊಲಿಯುತ್ತ ಬರುವಾಗ ಪಿನ್ನು ಪಾದದಿಂದ ಒಂದು ಇಂಚಿನಷ್ಟು ದೂರದಲ್ಲಿರುವಾಗಲೇ ಯಂತ್ರವನ್ನು ನಿಲ್ಲಿಸಿ ಅದನ್ನು ತೆಗೆಯಬೇಕು. ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೆ ಇಳಿದಿದ್ದರೆ ಗೆರೆ ತಪ್ಪುವುದಿಲ್ಲ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಬಲಗೈಯನ್ನು ಚಕ್ರದ ಮೇಲಿಟ್ಟು ಹೀಗೆ ನಿಲ್ಲಿಸುವುದು ಸುಲಭ. ಮೋಟಾರಿನ ಯಂತ್ರದಲ್ಲಿ ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದ ಮೇಲೆಯೇ ಬೆರಳು ಮುಂದಕ್ಕೆ ಹೋಗಬೇಕು.

ತೆಗೆದ ಪಿನ್ನು ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡು ಹೊಲಿಯುವ ಅಭ್ಯಾಸ ನುರಿತ ದರ್ಜಿಗಳಲ್ಲಿಯೂ ಇದೆ. ಒಂದು ಕೆಮ್ಮು, ಒಂದು ನಗು, ಯಾರಾದರೂ ಕರೆದಾಗ ಓಗೊಡುವುದು, ಇಷ್ಟರಿಂದಲೇ ಅದು ಗಂಟಲಿಗೆ ಇಳಿದು ಶ್ವಾಸನಾಳವನ್ನೂ ಸೇರಬಹುದು. ಹಾಗೇನಾದರೂ ಆದರೆ ಬಾಳೆಹಣ್ಣು ನುಂಗಿಸುವುದಾಗಲಿ ವಾಂತಿ ಮಾಡಿಸುವುದಾಗಲಿ ಸಲ್ಲದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಯಂತ್ರದ ಬಲಕ್ಕೆ ಪಿನ್ನು ಚುಚ್ಚಿಡುವ ಸಣ್ಣ ದಿಂಬೊಂದನ್ನು ಇಟ್ಟುಕೊಂಡರೆ ಬಾಯಿಯ ಅಗತ್ಯವೇ ಬೀಳುವುದಿಲ್ಲ. ಕೆಲಸಕ್ಕೆ ಮೊದಲು ಎಣಿಸಿದ ಪಿನ್ನುಗಳು ಕೆಲಸದ ಕೊನೆಯಲ್ಲಿಯೂ ಅಷ್ಟೇ ಇರಬೇಕು. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ನಮಗೆ ಇದು ಅತಿಯಾದ ಎಚ್ಚರಿಕೆಯೇನಲ್ಲ. ಕಳೆದ ಪಿನ್ನನ್ನು ನೆಲದ ಮೇಲೆ ಹಳೆಯ ಸ್ಪೀಕರಿನ ಅಯಸ್ಕಾಂತ ಆಡಿಸಿ ಹುಡುಕಬಹುದು. ಚುಚ್ಚಿಕೊಂಡರೆ ಗಾಯವನ್ನು ಸೋಪಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಇಷ್ಟಾಗಿಯೂ ಸೂಜಿ ಪಿನ್ನಿಗೆ ತಗುಲಿ ‘ಟಕ್’ ಎಂದ ಶಬ್ದ ಕೇಳಿದರೆ, ಏನೂ ಆಗಿಲ್ಲವೆಂದು ಹೊಲಿಗೆಯನ್ನು ಮುಂದುವರಿಸಬಾರದು. ಸ್ವಿಚ್ಚು ಆರಿಸಿ, ಮುರಿದ ಸೂಜಿಯ ಚೂರುಗಳನ್ನು ಜೋಡಿಸಿ ಪೂರ್ತಿ ಸೂಜಿ ಆಗುತ್ತದೆಯೇ ನೋಡಬೇಕು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಎಲ್ಲ ಚೂರುಗಳನ್ನು ಒಪ್ಪಿಸಿದ ಮೇಲೆಯೇ ಹೊಸ ಸೂಜಿ ಕೊಡುವ ನಿಯಮ ಇರುವುದು, ಉಳಿದ ಚೂರು ಉಡುಪಿನೊಳಗೆ ಸೇರಿ ತೊಟ್ಟವರಿಗೆ ಚುಚ್ಚಬಾರದೆಂದು. ಸೂಜಿ ಮುರಿಯದಿದ್ದರೂ ಅದನ್ನು ಬದಲಿಸಬೇಕು, ಏಕೆಂದರೆ ಕಣ್ಣಿಗೆ ಕಾಣದಷ್ಟು ಡೊಂಕಾದ ಮೊನೆ ರೇಷ್ಮೆಯ ಎಳೆಗಳನ್ನು ಎಳೆದು ಗೆರೆ ಬೀಳಿಸುತ್ತದೆ. ಕೆಳಗಿನ ದಾರ ಸುತ್ತಿದ ಬಾಬಿನ್ ಹೊರತೆಗೆದು, ಅದು ಕೂರುವ ಷಟಲ್‌ನ ಜಾಗವನ್ನು ಬ್ರಷ್ಷಿನಿಂದ ಗುಡಿಸಿ, ಚಕ್ರವನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಎಲ್ಲಿಯೂ ತಡೆಯದಿದ್ದರೆ ಹಳೆಯ ಬಟ್ಟೆಯೊಂದರ ಮೇಲೆ ಹೊಲಿದು ಪರೀಕ್ಷಿಸಬಹುದು. ದಾರ ಮತ್ತೆ ಮತ್ತೆ ಕಡಿಯುತ್ತಿದ್ದರೆ ಷಟಲ್ಲಿಗೋ ಸೂಜಿಯ ತೂತಿರುವ ತಗಡಿಗೋ ಗೀರು ಬಿದ್ದಿರುತ್ತದೆ, ಅದನ್ನು ನಯಗೊಳಿಸಲು ರಿಪೇರಿಯವರಿಗೆ ಕೊಡಬೇಕು.