ಪರ ಊರಿನ ಗ್ರೌಂಡ್‌ನಲ್ಲಿ ಕೊನೆಯ 20 ನಿಮಿಷ: ಬಡ್ತಿಯ ಪೈಪೋಟಿಯಲ್ಲಿರುವ ತಂಡಕ್ಕೊಂದು ಕೈಪಿಡಿ

ಫುಟ್‌ಬಾಲ್ ಪಂದ್ಯದ 88ನೇ ನಿಮಿಷದ ಗೋಲನ್ನು ಗ್ಯಾಲರಿಯಲ್ಲಿ ಕೂತವರು ಅದೃಷ್ಟ ಅನ್ನುತ್ತಾರೆ. ಬೆಂಚ್‌ನಲ್ಲಿ ಕೂತವರ ಲೆಕ್ಕ ಬೇರೆ. ಆ ಹೊತ್ತಿಗೆ ಕಾಲಿನಲ್ಲಿ ಎಷ್ಟು ದಮ್ಮು ಉಳಿದಿತ್ತು, ಎಷ್ಟು ಸಬ್ (ಬದಲಿ ಆಟಗಾರರು) ಕೈಯಲ್ಲಿತ್ತು, ಎದುರಾಳಿ ಇನ್ನೂ ನೋಡಿರದ ಕಾರ್ನರ್ ಕಿಕ್ ಒಂದಾದರೂ ಬಾಕಿ ಇತ್ತೇ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಇವನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಬೆಂಗಳೂರಿನ ಕ್ಲಬ್‌ಗಳಿಗೆ ಇದು ಸ್ವಲ್ಪ ಹೆಚ್ಚೇ ಕಷ್ಟ. ನಮ್ಮ ಲೀಗ್ ಪಂದ್ಯಗಳು ಬಹುಕಾಲದಿಂದ ಹೆಚ್ಚಾಗಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲೇ ನಡೆದಿವೆ. ಆಸ್ಟಿನ್ ಟೌನ್ ಹುಡುಗರಾಗಲಿ ಗೌತಮಪುರದವರಾಗಲಿ, ಇಬ್ಬರಿಗೂ ಅದು ಮನೆಯೇ. ಹಾಗಾಗಿ ರಾಷ್ಟ್ರೀಯ ಲೀಗ್‌ಗೆ ಕಾಲಿಟ್ಟ ಮೇಲೆಯೇ ನಿಜವಾದ ಪರ ಊರಿನ ಪಂದ್ಯ ಹೇಗಿರುತ್ತದೆಂದು ಗೊತ್ತಾಗುವುದು. ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಮೇಲೇರಿತು, ಮುಂದಿನ ಋತುವಿನಲ್ಲೇ ಕೆಳಗಿಳಿಯಿತು. ಏರುವುದಕ್ಕೂ ಇಳಿಯುವುದಕ್ಕೂ ನಡುವಿನ ಅಂತರ ಅಷ್ಟು ಕಿರಿದು.

ಮೊದಲು ಪಾಯಿಂಟ್‌ನ ಲೆಕ್ಕ

75ನೇ ನಿಮಿಷದಲ್ಲಿ 1-1 ಇದೆ ಅನ್ನಿ. ಡ್ರಾಗೆ ಒಪ್ಪಿಕೊಳ್ಳಬೇಕೋ, ಮುನ್ನುಗ್ಗಬೇಕೋ? ಇದನ್ನು ಆ ಕ್ಷಣಕ್ಕೆ ಬಿಡಬೇಡಿ. ಊರು ಬಿಡುವ ಮೊದಲೇ ತೀರ್ಮಾನಿಸಿ.

ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಸೋತರೆ ಏನೂ ಇಲ್ಲ. ಅಂದರೆ ಡ್ರಾ ಗೆಲುವಾದರೆ 2 ಪಾಯಿಂಟ್ ಲಾಭ, ಸೋಲಾದರೆ 1 ಪಾಯಿಂಟ್ ನಷ್ಟ. ಇಂಥ ಹತ್ತು ಪಂದ್ಯಗಳಲ್ಲಿ ಮುನ್ನುಗ್ಗಿ 3 ಗೆದ್ದು, 4 ಸೋತು, 3 ಡ್ರಾ ಆದರೂ 12 ಪಾಯಿಂಟ್ ಬರುತ್ತದೆ. ಹತ್ತನ್ನೂ ಡ್ರಾ ಮಾಡಿಕೊಂಡರೆ ಬರುವುದು 10. ಅಂದರೆ ಸೋಲು ಗೆಲುವಿಗಿಂತ ಹೆಚ್ಚಾದರೂ ಲಾಭವೇ. ಪಟ್ಟಿಯ ಮಧ್ಯದಲ್ಲೋ ತಳದಲ್ಲೋ ಇರುವ ತಂಡದ ಎದುರು ಈ ಲೆಕ್ಕ ಸರಿ.

ಎದುರಿಗಿರುವವರು ಅದೇ ಬಡ್ತಿಗೆ ಕಾದಿರುವ ತಂಡವಾದರೆ ಲೆಕ್ಕ ತಲೆಕೆಳಗಾಗುತ್ತದೆ. ಅದೇ ಹತ್ತು ಪಂದ್ಯಗಳಲ್ಲಿ ನಿಮಗೆ 12 ಬಂದರೆ ಅವರಿಗೆ 15 ಬರುತ್ತದೆ. ನೀವು ಸೋತಾಗಲೆಲ್ಲ ಅಂತರ 3 ಪಾಯಿಂಟ್ ಅವರ ಕಡೆಗೆ ವಾಲುತ್ತದೆ. ಅಲ್ಲಿ ನಿಮಗೆ ಗೆಲ್ಲುವ ಸಾಧ್ಯತೆ ಸೋಲಿನದಕ್ಕಿಂತ ಹೆಚ್ಚಿದೆ ಅನಿಸಿದರೆ ಮಾತ್ರ ಕೈ ಹಾಕಿ.

ಪಾಯಿಂಟ್ ಸಮವಾದಾಗ ಮೊದಲು ಗೋಲು ವ್ಯತ್ಯಾಸ ನೋಡುತ್ತಾರೋ ಪರಸ್ಪರ ಪಂದ್ಯದ ಫಲಿತಾಂಶವೋ ಎಂಬುದನ್ನು ಲೀಗ್‌ನ ನಿಯಮ ಪುಸ್ತಕದಲ್ಲಿ ಓದಿಕೊಳ್ಳಿ. ಟಿವಿಯಲ್ಲಿ ಕೇಳಿದ್ದನ್ನು ನಂಬಬೇಡಿ, ಲೀಗ್‌ನಿಂದ ಲೀಗ್‌ಗೆ ಅದು ಬದಲಾಗುತ್ತದೆ. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಗಾನ್‌ಗೆ ಐ-ಲೀಗ್ ಪ್ರಶಸ್ತಿಗೆ ಡ್ರಾ ಸಾಕಾಗಿತ್ತು, ಬೆಂಗಳೂರು ಎಫ್‌ಸಿಗೆ ಗೆಲುವೇ ಬೇಕಿತ್ತು. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಕಾರ್ನರ್ ಒಂದಕ್ಕೆ ಬೆಲ್ಲೋ ರಝಾಕ್ ತಲೆ ಕೊಟ್ಟರು, ಕಪ್ ಕೋಲ್ಕತ್ತಕ್ಕೆ ಹೋಯಿತು. ಪರ ಊರಿಗೆ ಬಂದ ತಂಡ ತಡವಾಗಿ ಗೋಲು ಹೊಡೆಯುವುದು ಹೇಗೆಂದು ಈ ಊರಿಗೆ ಬೇರೆ ಪಾಠ ಬೇಕಿಲ್ಲ.

ಪ್ರಯಾಣ, ನೀರು, ಬೂಟು

ಕೊನೆಯ 20 ನಿಮಿಷದ ದಮ್ಮು ಬಸ್ಸಿನಲ್ಲೇ ಸೋರಿಹೋಗಬಹುದು. ಕೋಳಿಕ್ಕೋಡು ಕಡೆ ಪಂದ್ಯವಿದ್ದರೆ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್ ಇರುವುದು ನೆನಪಿರಲಿ. ಸಂಜೆ ಪ್ರಾಕ್ಟೀಸ್ ಮುಗಿಸಿ ಹೊರಟರೆ ಗುಂಡ್ಲುಪೇಟೆ ದಾಟಿ ಗೇಟಿನ ಮುಂದೆ ಬೆಳಗಾಗುವವರೆಗೆ ಕೂತಿರಬೇಕಾಗುತ್ತದೆ. ಒಂದೋ ಬೆಳಿಗ್ಗೆ 6ಕ್ಕೇ ಬೆಂಗಳೂರು ಬಿಡಿ, ಇಲ್ಲವೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಹಿಡಿಯಿರಿ. ಅದು ತಿರುವುಗಳ ರಸ್ತೆ, ವಾಂತಿಯಾಗುವ ಹುಡುಗರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಯಾವ ಊರಾದರೂ ಪಂದ್ಯದ ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಲಗುವಂತಿರಬೇಕು. ರಾತ್ರಿ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಆಡಿದವರಿಗೆ ಮೊದಲರ್ಧದಲ್ಲಿ ಏನೂ ಗೊತ್ತಾಗುವುದಿಲ್ಲ, 70ನೇ ನಿಮಿಷಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಬೆವರು ಬೇಗ ಆರುತ್ತದೆ, ಮೈ ತಣಿಯುತ್ತದೆ. ಗೋವಾ, ಕೇರಳ, ಕೋಲ್ಕತ್ತದಲ್ಲಿ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ. ಆ ಸೆಕೆಗೆ ಮೈ ಒಗ್ಗಲು ಒಂದೆರಡು ವಾರವೇ ಬೇಕು. ಎರಡು ದಿನ ಮೊದಲು ಹೋದರೆ ಒಗ್ಗುತ್ತದೆ ಎಂಬುದು ಸುಳ್ಳು ಸಮಾಧಾನ. ಆದ್ದರಿಂದ ನೀರಿನ ಲೆಕ್ಕವನ್ನಾದರೂ ಸರಿಯಾಗಿಡಿ. ಅಲ್ಲಿನ ಮೊದಲ ಪ್ರಾಕ್ಟೀಸ್‌ಗೆ ಮುಂಚೆ ಮತ್ತು ನಂತರ ಪ್ರತಿಯೊಬ್ಬರ ತೂಕ ನೋಡಿ ಬರೆದಿಡಿ. 1 ಕೆಜಿ ಇಳಿದಿದ್ದರೆ ಸುಮಾರು 1 ಲೀಟರ್ ಬೆವರು ಹೋಗಿದೆ. ನಡುವೆ ಕುಡಿದ ನೀರನ್ನೂ ಅದಕ್ಕೆ ಕೂಡಿಸಿ. ಎರಡು ಕೆಜಿ ಇಳಿಯುವವರೇ 75ನೇ ನಿಮಿಷದಲ್ಲಿ ಕೈಕೊಡುವವರು, ಸಬ್ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿ.

ಪಂದ್ಯದ ದಿನ ಎರಡು ತಾಸು ಮೊದಲು ಅರ್ಧ ಲೀಟರ್ ಕುಡಿಸಿ. ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ 1 ಲೀಟರ್ ನೀರಿಗೇ ಬೆರೆಸಿ. ರುಚಿ ಸಪ್ಪೆ ಎಂದು ಅರ್ಧ ಲೀಟರಿಗೆ ಕಲಸಿ ಕೊಟ್ಟರೆ ಹೊಟ್ಟೆ ತೊಳಸುತ್ತದೆ. ಊಟ ಮೂರು ತಾಸು ಮೊದಲು: ಇಡ್ಲಿ, ಅನ್ನ, ತೆಳುವಾದ ಸಾರು, ಬಾಳೆಹಣ್ಣು. ಪರ ಊರಿನ ಹೋಟೆಲಿನ ಬಿರಿಯಾನಿ ಗೆದ್ದ ಮೇಲೆ.

ಕೃತಕ ಟರ್ಫ್‌ನಲ್ಲೇ ಅಭ್ಯಾಸವಾದ ನಮ್ಮ ಹುಡುಗರ ಬ್ಯಾಗಿನಲ್ಲಿ ಹೆಚ್ಚಾಗಿ ಗಿಡ್ಡ ಸ್ಟಡ್ ಬೂಟುಗಳೇ ಇರುತ್ತವೆ. ಒದ್ದೆ ಹುಲ್ಲಿನ ಮೇಲೆ ಅವು ಹಿಡಿಯುವುದಿಲ್ಲ. ಡಿಫೆಂಡರ್‌ಗಳಿಗೂ ಗೋಲ್‌ಕೀಪರ್‌ಗೂ ಉದ್ದ ಸ್ಟಡ್‌ನ ಎರಡನೇ ಜೋಡಿ ಕಡ್ಡಾಯ ಮಾಡಿ. ಹೊಸ ಜೋಡಿಯಾದರೆ ಮೂರು ಪ್ರಾಕ್ಟೀಸ್‌ನಲ್ಲಾದರೂ ಹಾಕಿ ಪಳಗಿಸಿರಬೇಕು.

ಸಬ್: ಮೂರು ಕಿಟಕಿ

ಐದು ಸಬ್ ಇರುವ ಲೀಗ್‌ನಲ್ಲಿ ಆಟದ ನಡುವೆ ಬದಲಾವಣೆಗೆ ಮೂರೇ ಅವಕಾಶ, ಅಂದರೆ ಮೂರು ಕಿಟಕಿ. ಹಾಫ್‌ಟೈಮ್‌ನಲ್ಲಿ ಮಾಡಿದ್ದು ಆ ಮೂರರಲ್ಲಿ ಸೇರುವುದಿಲ್ಲ. ಇಬ್ಬರೂ ಒಟ್ಟಿಗೆ ಸಬ್ ಮಾಡಿದರೆ ಎರಡೂ ತಂಡಗಳಿಗೆ ಒಂದೊಂದು ಅವಕಾಶ ಮುಗಿದಂತೆ. ಕೋಚ್‌ಗಳು ಇಲ್ಲಿ ಪದೇ ಪದೇ ಎಡವುತ್ತಾರೆ. 58, 66, 74ನೇ ನಿಮಿಷದಲ್ಲಿ ಒಬ್ಬೊಬ್ಬರನ್ನೇ ಇಳಿಸಿ ಅವಕಾಶವೆಲ್ಲ ಮುಗಿಸಿಬಿಡುತ್ತಾರೆ. 80ಕ್ಕೆ ಒಬ್ಬನ ತೊಡೆ ಹಿಡಿದುಕೊಂಡರೆ ಉಳಿದದ್ದು ಹತ್ತೇ ಜನ, ಬೆಂಚ್‌ನಲ್ಲಿ ಇಬ್ಬರಿದ್ದೂ ಪ್ರಯೋಜನವಿಲ್ಲ.

ಹೀಗೆ ಹಂಚಿ. 60ರಿಂದ 65ರೊಳಗೆ ಇಬ್ಬರು, ಒಂದೇ ಬದಿಯ ವಿಂಗರ್ (ಅಂಚಿನ ದಾಳಿಗಾರ) ಮತ್ತು ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್). ಆ ಒಂದು ಬದಿ ಪೂರ್ತಿ ಹೊಸದಾಗುತ್ತದೆ, ಎದುರಾಳಿಯ ದಣಿದ ಫುಲ್‌ಬ್ಯಾಕ್ ಮೇಲೆ ಇಬ್ಬರು ತಾಜಾ ಆಟಗಾರರು ಬೀಳುತ್ತಾರೆ. ಎಡಕ್ಕೊಬ್ಬ ಬಲಕ್ಕೊಬ್ಬ ಎಂದು ಹಂಚಿದರೆ ಈ ಲಾಭವಿಲ್ಲ. 75ರ ಸುಮಾರಿಗೆ ಇನ್ನಿಬ್ಬರು: ಒಬ್ಬ ಸ್ಟ್ರೈಕರ್, ಕಾರ್ನರ್ ಹೊಡೆಯಬಲ್ಲ ಒಬ್ಬ ಮಿಡ್‌ಫೀಲ್ಡರ್. ಕೊನೆಯ ಅವಕಾಶ ಮತ್ತು ಐದನೆಯ ಸಬ್ 85 ದಾಟುವವರೆಗೆ ಜೇಬಿನಲ್ಲೇ ಇರಲಿ. ಹಳದಿ ಕಾರ್ಡ್ ಆಗಿರುವ ಡಿಫೆಂಡರ್ ಇದ್ದರೆ ಅವನನ್ನು ಮೊದಲ ಕಿಟಕಿಯಲ್ಲೇ ಎತ್ತಿಬಿಡಿ. ಮುನ್ನುಗ್ಗಿ ಆಡುವಾಗ ಹಿಂದೆ ಜಾಗ ಬಿಡುತ್ತೀರಿ, ಕೌಂಟರ್ (ಎದುರಾಳಿಯ ದಿಢೀರ್ ಪ್ರತಿದಾಳಿ) ತಡೆಯಲು ಅವನೇ ಶರ್ಟ್ ಎಳೆಯಬೇಕಾಗುತ್ತದೆ.

ಉಳಿಸಿಟ್ಟ ಕಾರ್ನರ್

2019ರ ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಮುಂಬೈಯಲ್ಲಿ ನಡೆಯಿತು. ಎಫ್‌ಸಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಯ ನಿಮಿಷಗಳಲ್ಲಿ ಬೆಂಗಳೂರಿಗೆ ಕಪ್ ತಂದದ್ದು ರಾಹುಲ್ ಭೆಕೆಯ ಹೆಡರ್, ಅದೂ ಕಾರ್ನರ್‌ನಿಂದಲೇ. ಕಾಲು ಸೋತ ಹೊತ್ತಿನಲ್ಲಿ ನಿಂತ ಚೆಂಡೇ ದೊಡ್ಡ ಆಯುಧ.

ವಾರಕ್ಕೊಂದು ಹೊಸ ಕಾರ್ನರ್ ಕಲಿಸಿ. ಮೊದಲ 70 ನಿಮಿಷ ಅದನ್ನು ಹೊಡೆಯಬೇಡಿ. ಅಲ್ಲಿಯವರೆಗೆ ಎಲ್ಲವನ್ನೂ ಫಾರ್ ಪೋಸ್ಟ್‌ಗೇ (ದೂರದ ಗೋಲು ಕಂಬಕ್ಕೆ) ಎತ್ತಿ, ಅವರ ಕಣ್ಣು ಅದಕ್ಕೆ ಒಗ್ಗಲಿ. ಆಮೇಲೆ ನಿಯರ್ ಪೋಸ್ಟ್ ಫ್ಲಿಕ್, ಅಂದರೆ ಹತ್ತಿರದ ಕಂಬದ ಬಳಿ ತಲೆ ತಾಗಿಸಿ ಚೆಂಡಿನ ದಿಕ್ಕು ತಿರುಗಿಸುವುದು. ಹತ್ತು ಜನರ ಹಂಚಿಕೆ ಹೀಗೆ: ಹೊಡೆಯುವವನು ಒಬ್ಬ, ನಿಯರ್ ಪೋಸ್ಟ್‌ಗೆ ಇಬ್ಬರು, ಕೀಪರ್ ಮುಂದೆ ಒಬ್ಬ, ಪೆನಾಲ್ಟಿ ಸ್ಪಾಟ್‌ನಿಂದ ಓಡುವವರು ಮೂವರು, ಬಾಕ್ಸ್ (ಗೋಲಿನ ಮುಂದಿನ ಪೆನಾಲ್ಟಿ ಆವರಣ) ಅಂಚಿನಲ್ಲಿ ಒಬ್ಬ, ಮಧ್ಯರೇಖೆಯಲ್ಲಿ ಇಬ್ಬರು. ಆ ಇಬ್ಬರಲ್ಲಿ ಒಬ್ಬ ತಂಡದ ಅತಿ ವೇಗದ ಆಟಗಾರನಾಗಿರಲಿ. ಎತ್ತರದವನನ್ನು ಹಿಂದೆ ಬಿಟ್ಟು ವೇಗದವನನ್ನು ಬಾಕ್ಸ್‌ಗೆ ಕಳಿಸಿದ ತಂಡಗಳು ಕೌಂಟರ್‌ನಲ್ಲಿ ಗೋಲು ತಿಂದದ್ದೇ ಹೆಚ್ಚು.

ಆಫ್‌ಸೈಡ್ (ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿನ ಹತ್ತಿರ ನಿಂತು ಚೆಂಡು ಪಡೆಯುವ ತಪ್ಪು) ವಿಷಯ ಹುಡುಗರಿಗೆ ಬಿಡಿಸಿ ಹೇಳಿ. ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಆದರೆ ನಿಯರ್ ಪೋಸ್ಟ್‌ನಲ್ಲಿ ನಮ್ಮವನೇ ತಲೆ ತಾಗಿಸಿದ ಕ್ಷಣದಿಂದ ಆಫ್‌ಸೈಡ್ ನಿಯಮ ಶುರು. ಫಾರ್ ಪೋಸ್ಟ್‌ನಲ್ಲಿ ಗೋಲ್ ಲೈನಿಗೆ ಅಂಟಿ ನಿಂತವನು ಚೆಂಡು ತಳ್ಳಿದರೆ ಬಾವುಟ ಏಳುತ್ತದೆ, ಮಾಡಿದ್ದೆಲ್ಲ ನೀರುಪಾಲು. ಫ್ಲಿಕ್ ಆಗುವಾಗ ಅವನು ಚೆಂಡಿಗಿಂತ ಹಿಂದೆ ಇರಬೇಕು, ಆಮೇಲೆ ನುಗ್ಗಬೇಕು.

ಪ್ರಾಕ್ಟೀಸ್‌ನ ಆರಂಭದಲ್ಲಿ ತಾಜಾ ಕಾಲಿನಿಂದ ಹೊಡೆದ ಕಾರ್ನರ್‌ಗೂ 87ನೇ ನಿಮಿಷದ್ದಕ್ಕೂ ಸಂಬಂಧವೇ ಇಲ್ಲ. ದಣಿದವನ ಚೆಂಡು ಮೊದಲ ಡಿಫೆಂಡರ್‌ನನ್ನೇ ದಾಟುವುದಿಲ್ಲ. ಆದ್ದರಿಂದ ಪಂದ್ಯಕ್ಕೆ ಎರಡು ದಿನ ಮೊದಲು, ಪ್ರಾಕ್ಟೀಸ್‌ನ ಕೊನೆಗೆ, 40 ಮೀಟರ್ ನಾಲ್ಕು ಸಲ ಓಡಿಸಿ ತಕ್ಷಣ ಹೊಡೆಸಿ. ಎಡದಿಂದ ಆರು, ಬಲದಿಂದ ಆರು. ಆರರಲ್ಲಿ ನಾಲ್ಕಾದರೂ ನಿಯರ್ ಪೋಸ್ಟ್‌ಗೆ ತಲೆಯೆತ್ತರಕ್ಕೆ ಬೀಳದಿದ್ದರೆ ಆ ಕೆಲಸ ಸಬ್ ಆಗಿ ಬರುವವನಿಗೆ.

ಗಡಿಯಾರ ಮತ್ತು ರೆಫ್ರಿ

ಮನೆಯ ತಂಡ ಡ್ರಾಗೆ ತೃಪ್ತವಾಗಿದ್ದರೆ ಸಮಯ ತಿನ್ನುತ್ತದೆ. 2025ರ ಜುಲೈನಿಂದ ನಿಯಮ ಬದಲಾಗಿದೆ: ಕೀಪರ್ ಚೆಂಡನ್ನು 8 ಸೆಕೆಂಡಿಗಿಂತ ಹೆಚ್ಚು ಕೈಯಲ್ಲಿ ಹಿಡಿದರೆ ಎದುರಾಳಿಗೆ ಕಾರ್ನರ್. ರೆಫ್ರಿ ಕೊನೆಯ 5 ಸೆಕೆಂಡನ್ನು ಕೈಯೆತ್ತಿ ಎಣಿಸುತ್ತಾರೆ. ನಿಮ್ಮ ಸ್ಟ್ರೈಕರ್ ಕೀಪರ್‌ಗೆ ಅಡ್ಡ ನಿಲ್ಲದಿರಲಿ, ನಿಂತರೆ ತಪ್ಪು ನಿಮ್ಮದಾಗುತ್ತದೆ. ದೂರ ಸರಿದು ಅವನ ಕೈಯಲ್ಲೇ ಸೆಕೆಂಡು ಕರಗಲಿ.

ಸಬ್, ಗಾಯ, ಸಮಯ ವ್ಯರ್ಥ ಮಾಡಿದ್ದು, ಗೋಲಿನ ಸಂಭ್ರಮ, ನೀರಿನ ವಿರಾಮ ಎಲ್ಲವನ್ನೂ ಇಂಜುರಿ ಟೈಮ್‌ಗೆ ಸೇರಿಸಬೇಕು. ಬೆಂಚ್‌ನಲ್ಲಿ ಒಬ್ಬ ಸ್ಟಾಪ್‌ವಾಚ್ ಹಿಡಿದು ಇದನ್ನು ಬರೆದುಕೊಳ್ಳಲಿ. ಆಟ ನಿಂತಾಗ ನಾಯಕ ಒಬ್ಬನೇ ಹೋಗಿ, "ಸರ್, ಎರಡನೇ ಅರ್ಧದಲ್ಲಿ ಗಾಯಕ್ಕೇ ಮೂರು ನಿಮಿಷ ಆಯಿತು" ಎಂದು ಮೆಲ್ಲಗೆ ಹೇಳಲಿ. ಐದು ಜನ ಸುತ್ತುವರಿದು ಕೂಗಿದರೆ ಸಿಗುವುದು ಕಾರ್ಡ್. ಥ್ರೋ ಚೆಂಡು ಒರೆಸಲು ಟವೆಲ್ ನಿಮ್ಮದೇ ಇರಲಿ, ಪರ ಊರಿನ ಬಾಲ್‌ಬಾಯ್ ಕೊಡುತ್ತಾನೆಂದು ಕಾಯಬೇಡಿ.

ಗೋಲು ಬಿದ್ದ ಮೇಲೆ

ಹೆಚ್ಚು ಅಪಾಯದ ಹೊತ್ತು ಇದು. ಶರ್ಟ್ ಬಿಚ್ಚಿದರೆ ಹಳದಿ, ಬೇಲಿ ಹತ್ತಿದರೂ ಹಳದಿ. ಗೋಲು ಹೊಡೆದವನಿಗೆ ಆಗಲೇ ಒಂದಿದ್ದರೆ ಉಳಿದ ನಿಮಿಷಗಳನ್ನು ಹತ್ತು ಜನರೊಂದಿಗೆ ಆಡಬೇಕು. ಎಲ್ಲರೂ ಒಂದೇ ಮೂಲೆಗೆ ಓಡಲಿ, ಆದರೆ ಕೀಪರ್ ಮತ್ತು ಇಬ್ಬರು ಸೆಂಟರ್‌ಬ್ಯಾಕ್‌ಗಳು ತಮ್ಮ ಜಾಗ ಬಿಡಬಾರದು. ಉಳಿಸಿಟ್ಟ ಕೊನೆಯ ಸಬ್ ಈಗ ಇಳಿಯಲಿ: ತಲೆಯಲ್ಲಿ ಚೆಂಡು ಗೆಲ್ಲಬಲ್ಲ ಮೂರನೇ ಸೆಂಟರ್‌ಬ್ಯಾಕ್. ಹೊರಬರುವವನು ಹತ್ತಿರದ ಗಡಿರೇಖೆಯಿಂದಲೇ ಹೊರಹೋಗಬೇಕು, ನಡೆದಾಡಿ ಸಮಯ ಕಳೆಯುವ ಕಾಲ ಮುಗಿದಿದೆ.

ಎಲ್ಲರೂ ಬಾಕ್ಸ್‌ನೊಳಗೆ ಹೋಗಿ ನಿಂತರೆ ಕ್ರಾಸ್‌ಗಳ ಮಳೆ ಸುರಿಯುತ್ತದೆ. ಒಬ್ಬ ವೇಗದವನನ್ನು ಮಧ್ಯರೇಖೆಯಲ್ಲೇ ಬಿಡಿ, ಅವನನ್ನು ಕಾಯಲು ಅವರ ಇಬ್ಬರು ಹಿಂದೆ ಉಳಿಯಲೇಬೇಕು. ಚೆಂಡು ಸಿಕ್ಕರೆ ಮಧ್ಯಕ್ಕೆ ತರಬೇಡಿ, ಅವರ ಕಾರ್ನರ್ ಬಾವುಟದ ಕಡೆ ಒಯ್ಯಿರಿ. ಬಾಕ್ಸ್ ಅಂಚಿನಲ್ಲಿ ಫೌಲ್ ಮಾಡಬೇಡಿ. 8 ಸೆಕೆಂಡಿನ ನಿಯಮ ಈಗ ನಿಮ್ಮ ಕೀಪರ್‌ಗೂ ಅನ್ವಯ. ಚೆಂಡು ಅಪ್ಪಿಕೊಂಡು ಮಲಗಿ 92ನೇ ನಿಮಿಷದಲ್ಲಿ ಕಾರ್ನರ್ ಕೊಟ್ಟರೆ ಅದರಂಥ ದಡ್ಡತನ ಇನ್ನೊಂದಿಲ್ಲ. ಆರನೇ ಸೆಕೆಂಡಿಗೆ ದೂರ ಒದೆಯಲಿ ಎಂದು ಮೊದಲೇ ಹೇಳಿರಿ.

ಸೀಟಿ ಊದಿದ ಮೇಲೆ ಮ್ಯಾನೇಜರ್‌ಗೆ ಒಂದು ಕೆಲಸ ಬಾಕಿ. ಹುಡುಗರು ಕುಣಿಯುತ್ತಿರಲಿ, ನೀವು ಮ್ಯಾಚ್ ಕಮಿಷನರ್ (ಪಂದ್ಯದ ಮೇಲ್ವಿಚಾರಕ) ಬಳಿ ಹೋಗಿ ಕಾರ್ಡ್‌ಗಳ ಪಟ್ಟಿಯನ್ನು ನಿಮ್ಮ ಪುಸ್ತಕದೊಂದಿಗೆ ತಾಳೆ ನೋಡಿ. 14ನೇ ನಂಬರ್‌ನ ಹಳದಿ 4ಕ್ಕೆ ಬರೆದಿದ್ದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಿ. ಬೆಂಗಳೂರಿಗೆ ಬಂದು ಇಮೇಲ್ ಬರೆಯುವಷ್ಟರಲ್ಲಿ ಮುಂದಿನ ಪಂದ್ಯದ ಅಮಾನತು ಪಟ್ಟಿ ಹೊರಬಿದ್ದಿರುತ್ತದೆ.