ಮಾವಿನ ಊಜಿ: ಫೋಟೊದಲ್ಲಿ ಜಾತಿ ಗುರುತಿಸುವುದು ಹೇಗೆ?

ಕೋಲಾರದ ಕಡೆ 'ಊಜಿ' ಅಂದರೆ ಎರಡು ನೊಣ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ಬೂದು ಬಣ್ಣದ್ದು ಒಂದು. 1980ರಲ್ಲಿ ಬಂಗಾಳದ ಗೂಡುಗಳ ಜೊತೆ ಬಂದದ್ದು. ಮಾವಿಗೆ ಚುಚ್ಚುವ ಹಣ್ಣುನೊಣ ಇನ್ನೊಂದು. ಹೆಸರು ಬಿಟ್ಟರೆ ಎರಡಕ್ಕೂ ನಂಟಿಲ್ಲ. ತಲೆನೋವು ಈ ಎರಡನೆಯದರದ್ದು. ಗಂಡು ನೊಣಗಳನ್ನು ಸೆಳೆಯುವ ಮದ್ದಾದ ಮೀಥೈಲ್ ಯೂಜಿನಾಲ್ ಇಟ್ಟ ಬಲೆ ಬಿಚ್ಚಿದರೆ ಡಾರ್ಸಾಲಿಸ್, ಝೊನಾಟಾ, ಕರೆಕ್ಟಾ ಎಂಬ ಮೂರು ಜಾತಿಗಳ ಗಂಡುಗಳೂ ಒಟ್ಟಿಗೇ ಬಿದ್ದಿರುತ್ತವೆ.

ಜೀವಂತ ನೊಣ ಸಿಕ್ಕರೆ ಬಾಟಲಿ ಸಮೇತ ಫ್ರಿಜ್‌ನಲ್ಲಿ ಐದು ನಿಮಿಷ ಇಡಿ, ಫ್ರೀಜರ್‌ನಲ್ಲಿ ಬೇಡ. ಮಂಕಾದ ಮೇಲೆ ಬಿಳಿ ಹಾಳೆಗೆ ಹಾಕಿ, ಮೊಬೈಲಿಗೆ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ, ಕಿಟಕಿ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ರೆಕ್ಕೆ ಬರೀ ಮಿಂಚುತ್ತದೆ. ಬೆನ್ನು, ಹರಡಿದ ರೆಕ್ಕೆ, ನೇರ ಮುಖ: ಈ ಮೂರೂ ಫೋಟೊ ಬೇಕೇ ಬೇಕು.

ಮೊದಲು ರೆಕ್ಕೆ ನೋಡಿ, ಬಣ್ಣವನ್ನಲ್ಲ. ಆಗಷ್ಟೇ ಕೋಶದಿಂದ ಹೊರಬಂದ ನೊಣ ಪೇಲವವಾಗಿರುತ್ತದೆ. ಅಂಥದ್ದನ್ನು ಕಂಡು ನಾನೂ ಝೊನಾಟಾ ಎಂದು ಬರೆದಿಟ್ಟು ಬೇಸ್ತುಬಿದ್ದಿದ್ದೇನೆ. ರೆಕ್ಕೆಯ ಮುಂದಿನ ಅಂಚಿನಲ್ಲಿ ಸೀರೆಯ ಸಣ್ಣ ಅಂಚಿನಂತೆ ಕಂದು ಪಟ್ಟಿ ತುದಿಯವರೆಗೂ ಕಡಿಯದೆ ಹರಿದಿದ್ದರೆ ಅದು ಡಾರ್ಸಾಲಿಸ್. ಪಟ್ಟಿ ನಡುವೆ ಕಡಿದು, ತುದಿಯಲ್ಲೊಂದು ಚುಕ್ಕೆ ಮಾತ್ರ ಉಳಿದಿದ್ದರೆ ಮಿಕ್ಕ ಎರಡರಲ್ಲೊಂದು.

ಅದು ಯಾವುದೆಂದು ಮುಖ ಹೇಳುತ್ತದೆ. ಮೀಸೆಗಳ ಕೆಳಗೆ, ಬೊಟ್ಟಿಟ್ಟಂತೆ ಎರಡು ದುಂಡನೆಯ ಕಪ್ಪು ಚುಕ್ಕೆ ಬಿಡಿಬಿಡಿಯಾಗಿದ್ದರೆ ಝೊನಾಟಾ. ಅವೇ ಚುಕ್ಕೆಗಳು ಅಡ್ಡಕ್ಕೆ ಎಳೆದಂತಾಗಿ, ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದು ಗೆರೆಯಂತೆ ಕಂಡರೆ ಕರೆಕ್ಟಾ. ಈಗ ಬೆನ್ನು ನೋಡಿ ತಾಳೆ ಹಾಕಬಹುದು: ಝೊನಾಟಾದ್ದು ಕೆಂಗಂದು, ಕರೆಕ್ಟಾದ್ದು ಹೆಚ್ಚಾಗಿ ಕಪ್ಪು.

ಹೀರೆ, ಹಾಗಲದ ಚಪ್ಪರದಲ್ಲಿ ಸಿಗುವ ಹಣ್ಣುನೊಣ ಕುಕರ್ಬಿಟೇ ಬೇರೆಯೇ. ಬೆನ್ನಿನ ಎರಡು ಬದಿಯ ಹಳದಿ ಗೆರೆಗಳ ನಡುವೆ ಮೂರನೆಯದೊಂದು ಇರುತ್ತದೆ, ರೆಕ್ಕೆಯಲ್ಲಿ ಅಡ್ಡಕ್ಕೆ ಮಸಿ ಬಳಿದಂಥ ಕಲೆ. ಅದರ ಗಂಡನ್ನು ಸೆಳೆಯುವುದು ಕ್ಯೂಲ್ಯೂರ್ ಎಂಬ ಬೇರೆ ಮದ್ದು, ಮಾವಿನ ಬಲೆಯ ಮದ್ದಲ್ಲ.

ಹೊಟ್ಟೆಯ ಮೇಲಿನ 'ಟಿ' ಆಕಾರದ ಕಪ್ಪು ಗುರುತನ್ನಷ್ಟೇ ನೋಡಿ ಡಾರ್ಸಾಲಿಸ್ ಎಂದು ತೀರ್ಪು ಕೊಡಬೇಡಿ, ಕರೆಕ್ಟಾಕ್ಕೂ ಅದಿದೆ. ರೆಕ್ಕೆ ಮಡಚಿಕೊಂಡ ಒಂದೇ ಫೋಟೊ ಇದ್ದರೆ ಈ ಮೂರೂ ಜಾತಿಗಳ ಕುಲದ ಹೆಸರಾದ 'ಬ್ಯಾಕ್ಟ್ರೋಸೆರಾ' ಎಂದಷ್ಟೇ ಬರೆದು, ಇನ್ನೊಂದು ನೊಣ ಹಿಡಿಯಿರಿ.